ಕೋಡುಬಳೆ ಪ್ರೈವೇಟ್ ಲಿಮಿಟೆಡ್

ಪುಟ್ಟರಾಜು ಜೇಬಿನಿಂದ ಕಾರ್ಡು ತೆಗೆದು ಎಲ್ಲರ ಕಾಫಿ ಲೋಟದ ಪಕ್ಕಕ್ಕೂ ಒಂದೊಂದು ಇಟ್ಟ. ದಪ್ಪ ಕಾರ್ಡು, ಉಬ್ಬಿದ ಅಕ್ಷರ. 'ಫೌಂಡರ್ ಅಂಡ್ ಸಿಇಒ' ಅನ್ನೋದು ಅವನ ಹೆಸರಿಗಿಂತ ದೊಡ್ಡದಾಗಿತ್ತು.

"ಏನಪ್ಪಾ ವ್ಯಾಪಾರ?" ಶ್ಯಾಮಣ್ಣ ಕನ್ನಡಕ ಏರಿಸಿಕೊಂಡರು.

"ಕೋಡುಬಳೆ ಸಾರ್."

"ಇಲ್ಲೆಲ್ಲೂ ಕೋಡುಬಳೆ ಕಾಣ್ತಿಲ್ಲವಲ್ಲ. ಏನೋ ಫುಡ್‌ಟೆಕ್ ಸಲ್ಯೂಷನ್ಸ್ ಪ್ರೈವೇಟ್ ಲಿಮಿಟೆಡ್ ಅಂತಿದೆ. ಟೆಕ್ ಎಲ್ಲಿದೆ ಇದರಲ್ಲಿ?"

"ವಾಟ್ಸಾಪಲ್ಲಿ ಆರ್ಡರ್ ತಗೋತೀನಿ."

"ಎಷ್ಟು ಮಾರಿದ್ದೀಯ?"

"ಇನ್ನೂ ಕರಿದೇ ಇಲ್ಲ. ಮೊದಲು ಕಂಪನಿ ರಿಜಿಸ್ಟರ್ ಆಗಲಿ ಅಂತ."

ಆಡಿಟರ್ ಆಫೀಸಿನ ಮೂರ್ತಿಗೆ ವಡೆ ಗಂಟಲಲ್ಲಿ ಸಿಕ್ಕಿಕೊಂಡಿತು. "ರಿಜಿಸ್ಟರ್ ಆಗಿಲ್ವಾ? ಆಗದೇ ಪ್ರೈವೇಟ್ ಲಿಮಿಟೆಡ್ ಅಂತ ಹಾಕ್ಕೊಂಡ್ರೆ ದಂಡ ಕಣೋ. ದಿನಕ್ಕೆ 500ರಿಂದ 2000 ರೂಪಾಯಿ."

ಪುಟ್ಟರಾಜು ಕಾರ್ಡುಗಳನ್ನು ಎಣಿಸಿ ವಾಪಸ್ ಜೇಬಿಗಿಳಿಸಿದ.

"ಹೋಗಲಿ ಬಿಡು," ಅಂದರು ಶ್ಯಾಮಣ್ಣ. "ಕಂಪನಿ ಅಂದ್ರೆ ಏನು ಗೊತ್ತಾ? ಕಾನೂನಿನ ಲೆಕ್ಕದಲ್ಲಿ ನೀನು ಬೇರೆ, ಅದು ಬೇರೆ. ಅದು ಇನ್ನೊಬ್ಬ ವ್ಯಕ್ತಿ. ಮನೆಗೆ ಮಗು ಬಂದ ಹಾಗೆ. ಕೈಕಾಲು ಒಂದಿಲ್ಲ ಅಷ್ಟೆ, ಹೊಟ್ಟೆ ಇದೆ."

"ನಾಮಕರಣವೂ ಉಂಟು," ಮೂರ್ತಿಗೆ ಹುರುಪು ಬಂತು. "ಎರಡು ಹೆಸರು ಬರೆದುಕೊಡಬಹುದು. ಬೇರೆ ಕಂಪನಿ ಹೆಸರಿಗೆ ಹೋಲಿದ್ರೆ ಆಗಲ್ಲ ಅಂತಾರೆ. ಒಪ್ಪಿದ್ರೆ 20 ದಿನ ಕಾದಿಟ್ಟಿರ್ತಾರೆ. ಹುಟ್ಟಿದ ಸರ್ಟಿಫಿಕೇಟ್ ಜೊತೆಗೇ ಪ್ಯಾನು, ಬೇರೆಯವರ ತೆರಿಗೆ ಹಿಡಿದು ಕಟ್ಟೋಕೆ ಟ್ಯಾನು."

"ನೋಡು, ಇಲ್ಲಿ ಜನ ರೇಷನ್ ಕಾರ್ಡಿಗೆ ಅಲೆದು ಚಪ್ಪಲಿ ಸವೆಸ್ತಾರೆ. ಆಮೇಲೆ?"

"30 ದಿನದೊಳಗೆ ಆಡಿಟರ್ ನೇಮಿಸಬೇಕು."

"ಬೇರೆ ಮಕ್ಕಳಿಗೆ ಬಜೆ ಕಟ್ತಾರೆ, ಈ ಮಗುವಿಗೆ ಆಡಿಟರನ್ನು ಕಟ್ತಾರೆ. ಒಂದು ಪ್ಯಾಕೆಟ್ ಮಾರದೇ ಇದ್ರೂ ಆಡಿಟ್ ಆಗಲೇಬೇಕು ಅಲ್ವಾ ಮೂರ್ತಿ?"

"ಆಗಲೇಬೇಕು. ವರ್ಷ ವರ್ಷ ಲೆಕ್ಕಪತ್ರದ ಫಾರ್ಮು ಒಂದು, ವಾರ್ಷಿಕ ವರದಿ ಫಾರ್ಮು ಒಂದು. ತಡವಾದ್ರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಇಷ್ಟಕ್ಕೇ ನಿಲ್ಲುತ್ತೆ ಅಂತಿಲ್ಲ."

"ಹಾಲು ಕುಡಿಯೋ ಮಗುವಲ್ಲ ಇದು, ಫಾರ್ಮು ಕುಡಿಯೋ ಮಗು."

ಪುಟ್ಟರಾಜು ಸೋಲಲಿಲ್ಲ. "ಆದ್ರೆ ಸಾರ್, ನಾಳೆ ವ್ಯಾಪಾರ ಮುಳುಗಿದ್ರೆ ನನ್ನ ಮನೆ ಉಳಿಯುತ್ತಲ್ಲ? ಲಂಡನ್ನಿನಲ್ಲಿ ಸಾಲೊಮನ್ ಅನ್ನೋ ಬೂಟು ಹೊಲಿಯೋನು ಗೆದ್ದಿಲ್ವಾ?"

ಯಾವುದೋ ವಿಡಿಯೋ ನೋಡಿಕೊಂಡು ಬಂದಿದ್ದ ಅಂತ ಕಾಣುತ್ತೆ. ಆದರೆ ಮಾತು ಸುಳ್ಳಲ್ಲ. ಸಾಲೊಮನ್ ತನ್ನ ಬೂಟಿನ ವ್ಯಾಪಾರವನ್ನು ತನ್ನದೇ ಕಂಪನಿಗೆ ಮಾರಿದ. ಹೆಂಡತಿ, ಒಬ್ಬ ಮಗಳು, ನಾಲ್ವರು ಗಂಡುಮಕ್ಕಳಿಗೆ ತಲಾ ಒಂದು ಷೇರು ಕೊಟ್ಟು ಉಳಿದದ್ದೆಲ್ಲ ತಾನೇ ಇಟ್ಟುಕೊಂಡ. ಕಂಪನಿ ಮುಳುಗಿತು. ಸಾಲ ಕೊಟ್ಟವರು ಅವನ ಕುತ್ತಿಗೆ ಹಿಡಿದರು. ಕಂಪನಿಯ ಸಾಲ ಕಂಪನಿಯದು, ಸಾಲೊಮನ್‌ನದಲ್ಲ ಅಂತ 1896ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

"ಸಾಲೊಮನ್ ಗೆದ್ದ, ಒಪ್ಪಿದೆ. ನಾನು ಬ್ಯಾಂಕಲ್ಲಿ ಸಾಲ ಕೊಡೋ ಕುರ್ಚಿಯಲ್ಲಿ ಕೂತವನು ಕಣಯ್ಯಾ," ಶ್ಯಾಮಣ್ಣ ನಕ್ಕರು. "ನಿನ್ನಂಥ ಎಳೇ ಕಂಪನಿ ಬಂದ್ರೆ ಕಂಪನಿ ಸೀಲು ಒತ್ತಿಸಿಕೊಳ್ತಿದ್ದೆ. ಆಮೇಲೆ ಪುಟ್ಟರಾಜೂ, ಇಲ್ಲೊಂದು ಸಹಿ ಹಾಕು ಅಂತಿದ್ದೆ. ಅದು ಪರ್ಸನಲ್ ಗ್ಯಾರಂಟಿ, ಕಂಪನಿ ಕಟ್ಟದಿದ್ರೆ ನಾನೇ ಕಟ್ತೀನಿ ಅಂತ. ಅಲ್ಲಿಗೆ ನಿನ್ನ ಲಿಮಿಟೆಡ್ಡು ಅನ್‌ಲಿಮಿಟೆಡ್ಡು."

"ಇನ್ನೊಬ್ಬ ಡೈರೆಕ್ಟರ್ ಯಾರು?" ಮೂರ್ತಿ ಕೇಳಿದ. "ಇಬ್ಬರಾದ್ರೂ ಬೇಕು."

"ಅಮ್ಮ. ಕರಿಯೋದೂ ಅವರೇ."

"ಹಾಗಾದ್ರೆ ಬೋರ್ಡ್ ಮೀಟಿಂಗಿಗೆ ಏಳು ದಿನ ಮುಂಚೆ ಅಮ್ಮನಿಗೆ ಲಿಖಿತ ನೋಟಿಸ್ ಕೊಡಬೇಕು."

"ಅಡುಗೆಮನೆಗಾ?"

"ಎಣ್ಣೆ ಡಬ್ಬದ ಮೇಲೆ ಅಂಟಿಸು," ಅಂದರು ಶ್ಯಾಮಣ್ಣ. "ಅಜೆಂಡಾ ಒಂದು: ಓಮ ಜಾಸ್ತಿ ಆಯ್ತಾ? ನಿಮ್ಮಮ್ಮ ಭಿನ್ನಮತ ದಾಖಲಿಸ್ತಾರೆ ನೋಡು."

ಒಂಟಿಯಾಗೇ ಕಂಪನಿ ಮಾಡಬೇಕು ಅಂದ್ರೆ ಒನ್ ಪರ್ಸನ್ ಕಂಪನಿ ಇದೆ ಅಂದ ಮೂರ್ತಿ. ಅದಕ್ಕೊಬ್ಬ ನಾಮಿನಿ ಬೇಕು. ಜೊತೆಗೊಬ್ಬರಿದ್ರೆ ಎಲ್‌ಎಲ್‌ಪಿಯೂ ಇದೆ, ಅಂದ್ರೆ ಹೊಣೆಗೆ ಮಿತಿ ಇರೋ ಪಾಲುದಾರಿಕೆ. ಅದರಲ್ಲಿ ವಹಿವಾಟು 40 ಲಕ್ಷ, ಹಾಕಿದ ಬಂಡವಾಳ 25 ಲಕ್ಷ ದಾಟೋವರೆಗೆ ಆಡಿಟ್ ಕಾಟ ಇಲ್ಲ.

"ಸುಮ್ನೆ ಸ್ವಂತ ಹೆಸರಲ್ಲಿ ಶುರು ಮಾಡಿದ್ರೆ?" ಶ್ಯಾಮಣ್ಣ ಕೇಳಿದರು.

"ಪ್ರೊಪ್ರೈಟರ್‌ಶಿಪ್. ಇವನ ಪ್ಯಾನೇ ಅಂಗಡಿ ಪ್ಯಾನು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಪುಕ್ಕಟೆ. ಆಹಾರದ್ದಾದ್ದರಿಂದ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಹೇಗೂ ಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ದುಡಿಯೋವರೆಗೆ ಇವನಿಗೆ ತೆರಿಗೆ ಬೀಳಲ್ಲ. ಕಂಪನಿಗೆ ಆ ವಿನಾಯಿತಿ ಇಲ್ಲ, ಲಾಭದ ಮೊದಲ ರೂಪಾಯಿಗೇ ತೆರಿಗೆ."

"ಪ್ರೊಪ್ರೈಟರ್ ಅಂದ್ರೆ ಯಾರು ದುಡ್ಡು ಹಾಕ್ತಾರೆ?" ಪುಟ್ಟರಾಜು ಮುಖ ಸಪ್ಪಗೆ ಮಾಡಿದ. "ಇನ್ವೆಸ್ಟರ್‌ಗೆ ಷೇರು ಕೊಡಬೇಕು ಅಂದ್ರೆ ಕಂಪನಿನೇ ಬೇಕು."

"ಅದು ಸರಿಯಾದ ಮಾತು," ಅಂದರು ಶ್ಯಾಮಣ್ಣ. "ಇನ್ವೆಸ್ಟರ್ ಬಂದ ದಿನ ಕಂಪನಿ ಮಾಡು, ಮೊದಲ ಸಿಹಿ ನಾನೇ ತರ್ತೀನಿ. ಈಗ ಅವನು ಬಂದು ರುಚಿ ತೋರಿಸು ಅಂದ್ರೆ ಏನು ಕೊಡ್ತೀಯ, ಕಾರ್ಡಾ?"

"ಕಂಪನಿಗೆ ಸಾವಿಲ್ಲ ಸಾರ್! ನಾವು ಹೋದ್ರೂ ಅದಿರುತ್ತೆ."

"ತಾನಾಗಿ ಸಾಯಲ್ಲ, ನಿಜ. ವ್ಯಾಪಾರ ಆಗದೇ ಅದರ ಹೆಸರನ್ನು ರಿಜಿಸ್ಟರಿನಿಂದ ಹೊಡೆದು ಹಾಕಿಸೋಕೆ ಅರ್ಜಿಗೇ 10,000 ರೂಪಾಯಿ."

ಇಷ್ಟು ಹೇಳಿ ಶ್ಯಾಮಣ್ಣ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಿಪಟೂರಿನ ಕಥೆ ತೆಗೆದರು.

"ಅಲ್ಲಿನ ಬ್ರಾಂಚಲ್ಲಿದ್ದಾಗ ಕೊಬ್ಬರಿ ವ್ಯಾಪಾರದ ಇಬ್ಬರು ಸ್ನೇಹಿತರು ಬರ್ತಿದ್ರು. ಪಾರ್ಟ್‌ನರ್‌ಶಿಪ್. ಒಬ್ಬರು ತೀರಿಕೊಂಡ್ರು. ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಒಬ್ಬ ಹೋದ್ರೆ ಪಾಲುದಾರಿಕೆಯೂ ಹೋಯ್ತು. 1932ರ ಕಾಯಿದೆ. ನಾನೇ ಕೂರಿಸಿ ಹೇಳಿದೆ, ಖಾತೆ ಮುಚ್ಚಬೇಕು ಯಜಮಾನ್ರೇ ಅಂತ. ಮುಚ್ಚಿದ್ರು. ಹೊಸದನ್ನು ಒಬ್ಬರ ಹೆಸರಲ್ಲೇ ತೆರೆದ್ರು. ಆದ್ರೆ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಬಂದಾಗ ಮೊದಲು ಅದು ಸ್ನೇಹಿತನ ಮನೆಗೆ ಹೋಗ್ತಿತ್ತು. ಆ ಹೆಂಗಸು ಅರಿಶಿನ ಹಚ್ಚಿ 'ಶ್ರೀ' ಬರೆದುಕೊಟ್ಟ ಮೇಲೇ ಇವರು ಮೊದಲ ಚೀಲ ತೂಗೋರು. ನಾನು ವರ್ಗವಾಗಿ ಹೋಗೋವರೆಗೂ ಹಾಗೇ ನಡೀತಿತ್ತು."

"ಅವರಿಗೆ ಪಾಲೂ ಕೊಡ್ತಿದ್ರಾ?" ಮೂರ್ತಿ ಕೇಳಿದ.

"ಖಾತೆಯಿಂದ ಹೋಗ್ತಿರಲಿಲ್ಲ. ಕೈಯಲ್ಲಿ ಕೊಟ್ಟಿದ್ದನ್ನು ಬ್ಯಾಂಕಿನೋನು ಹೇಗೆ ನೋಡಲಿ?"

ಸಪ್ಲೈಯರ್ ಬಿಲ್ಲು ತಂದು ಪುಟ್ಟರಾಜನ ಮುಂದೆ ಇಟ್ಟ.

"ನನಗ್ಯಾಕೆ? ನಾನು ಬರೀ ಕಾಫಿ ಕುಡಿದೆ. ನಾಲ್ಕು ವಡೆ ತಿಂದಿದ್ದು ಮೂರ್ತಿ!"

"ಇದೇ ನೋಡಪ್ಪಾ ಪಾರ್ಟ್‌ನರ್‌ಶಿಪ್," ಶ್ಯಾಮಣ್ಣ ಚಪ್ಪಲಿ ಮೆಟ್ಟುತ್ತಾ ಎದ್ದರು. "ಒಬ್ಬ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಯಾರ ಕೈಯಿಂದ ಬೇಕಾದ್ರೂ ಪೂರ್ತಿ ವಸೂಲಿ ಮಾಡಬಹುದು. ಹೋಟೆಲಿನೋನಿಗೆ ನೀನೇ ಸಾಹುಕಾರ ಥರ ಕಂಡೆ, ಅದಕ್ಕೆ ನಾನೇನು ಮಾಡಲಿ?"