ವರ್ಜೀನಿಯಾದ ಹಳೇ ಅಜ್ಜನನ್ನು ಹುಡುಕುವುದು ಹೇಗೆ? ಗೊತ್ತಿರುವವರು ಹೇಳಿ

ಪ್ರಶ್ನೆ, ಡಾಲಸ್‌ನಿಂದ:

ನಮ್ಮ ಮನೆಯವರು ಅಮೆರಿಕದವರು. ಅವರ ಹಿರಿಯರದು ವರ್ಜೀನಿಯಾ. ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದುಕೊಡೋಣ ಅಂತ ಕೂತಿದ್ದೇನೆ. ನನ್ನ ಕಡೆ ನಾಲ್ಕು ತಲೆಮಾರಿಗೇ ನಿಂತುಹೋಯಿತು. ಅವರ ಕಡೆ 1720ರ ಸುಮಾರಿನ ಒಬ್ಬ ಅಜ್ಜನವರೆಗೆ ಬಂದಿದ್ದೇನೆ. ಇಂಗ್ಲೆಂಡಿನಿಂದ ಮೊದಲು ಬಂದವನು ಇವನ ಅಪ್ಪನೋ ತಾತನೋ ತಿಳಿಯುತ್ತಿಲ್ಲ. ಹಡಗಿನ ಪಟ್ಟಿ ಹುಡುಕಿ ಹುಡುಕಿ ಸಾಕಾಯಿತು. ವಿಲ್, ಜಮೀನು ದಾಖಲೆ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಸರ್ವೆಯರ್, ಶಿವಮೊಗ್ಗ:

ನೋಡಿ ಅಮ್ಮ, ಹಡಗಿನ ಪಟ್ಟಿಯ ಆಸೆ ಬಿಡಿ. ಅಮೆರಿಕದ ಬಂದರುಗಳಲ್ಲಿ ಸರ್ಕಾರಿ ಪಟ್ಟಿ ಶುರುವಾಗಿದ್ದೇ 1820ರಲ್ಲಿ. ಅದಕ್ಕಿಂತ ಹಿಂದಿನವು ಅಲ್ಲೊಂದು ಇಲ್ಲೊಂದು ಉಳಿದಿವೆ, ಅಷ್ಟೆ.

ನಾನು ಮೂವತ್ತು ವರ್ಷ ಊರೂರಲ್ಲಿ ಚೈನ್ ಎಳೆಸಿದವನು. ಮಗ ರಿಚ್ಮಂಡ್‌ನಲ್ಲಿದ್ದಾನೆ, ಸೊಸೆ ಅಲ್ಲಿಯ ಹುಡುಗಿ. ಹೋದಾಗಲೆಲ್ಲ ಆರು ತಿಂಗಳು ಹೊತ್ತು ಹೋಗುವುದಿಲ್ಲ. ಹಾಗಾಗಿ ಸೊಸೆ ಕಡೆಯವರ ಹಿರಿಯರನ್ನು ಹುಡುಕುವ ಚಟ ಅಂಟಿಕೊಂಡಿತು. ಅಲ್ಲಿಯ ಲೈಬ್ರರಿ ಆಫ್ ವರ್ಜೀನಿಯಾದಲ್ಲಿ ಹಳೇ ಲ್ಯಾಂಡ್ ಪೇಟೆಂಟ್‌ಗಳಿವೆ. ನಮ್ಮ ಸಾಗುವಳಿ ಚೀಟಿ ಇದ್ದ ಹಾಗೆ. ಅದರ ಚಿತ್ರಗಳನ್ನು ಮನೆಯಲ್ಲೇ ಕೂತು ದುಡ್ಡಿಲ್ಲದೆ ನೋಡಬಹುದು.

1618ರಿಂದ ಅಲ್ಲಿ ಹೆಡ್‌ರೈಟ್ ಅನ್ನುವ ಪದ್ಧತಿ ಇತ್ತು. ಹಡಗಿನ ಖರ್ಚು ಕೊಟ್ಟು ಒಬ್ಬನನ್ನು ಕರೆಸಿಕೊಂಡರೆ, ಕರೆಸಿಕೊಂಡವನಿಗೆ ತಲೆಗೆ 50 ಎಕರೆ. ಯಾರ ತಲೆ ಅಂತ ಪೇಟೆಂಟಿನಲ್ಲಿ ಹೆಸರು ಬರೆಯುತ್ತಿದ್ದರು. ಅಂದರೆ ನಿಮ್ಮ ಅಜ್ಜನ ಹೆಸರು ಬೇರೆ ಯಾರದೋ ಪೇಟೆಂಟಿನ ಕೊನೆಯಲ್ಲಿ ಸಿಗಬಹುದು. ಸಿಕ್ಕ ತಕ್ಷಣ ಕುಣಿಯಬೇಡಿ. ಆ ಹಕ್ಕನ್ನು ಕೈಯಿಂದ ಕೈಗೆ ಮಾರುತ್ತಿದ್ದರು. ಮನುಷ್ಯ ಬಂದು ಎಷ್ಟೋ ವರ್ಷ ಆದ ಮೇಲೆ ಪೇಟೆಂಟ್ ಆಗಿರುತ್ತದೆ. ಒಂದೇ ತಲೆಗೆ ಎರಡು ಸಲ ಜಮೀನು ಪಡೆದವರೂ ಇದ್ದಾರೆ. ಬೋಗಸ್ ಅನ್ನುವುದು ನಮ್ಮ ತಾಲೂಕಿನಲ್ಲಿ ಹುಟ್ಟಿದ್ದಲ್ಲ.

ಈಗ ಮುಖ್ಯ ವಿಷಯ. ನೀವು ಮನುಷ್ಯನ ಹಿಂದೆ ಹೋಗುತ್ತಿದ್ದೀರಿ. ಜಮೀನಿನ ಹಿಂದೆ ಹೋಗಿ. 1720ರ ಅಜ್ಜನ ಜಮೀನು ಯಾವುದು, ಅವನಿಗೆ ಹೇಗೆ ಬಂತು, ಯಾರಿಗೆ ಹೋಯಿತು? ಸೊಸೆ ಕಡೆಯ ಒಬ್ಬ 200 ಎಕರೆ ಮಾರಿದ ಪತ್ರ ಸಿಕ್ಕಿತು. ಅವನು ಕೊಂಡ ಪತ್ರ ಮಾತ್ರ ಎಲ್ಲೂ ಇಲ್ಲ. ದಾನವೂ ಇಲ್ಲ, ಪೇಟೆಂಟೂ ಇಲ್ಲ. ಹಾಗಾದರೆ ಯಾವ ಹಕ್ಕಿನಿಂದ ಮಾರಿದ? ಪಿತ್ರಾರ್ಜಿತ! ವರ್ಜೀನಿಯಾದಲ್ಲಿ 1785ರ ಕಾನೂನು ಬರುವ ತನಕ, ಅಪ್ಪ ವಿಲ್ ಬರೆಯದೆ ಸತ್ತರೆ ಜಮೀನೆಲ್ಲ ಹಿರಿಮಗನಿಗೆ. ಮಿಕ್ಕ ಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಆ ಮೇಲೆ ನಾನು ಮಾಡಿದ್ದು ಇಷ್ಟೆ. ಮಾರಿದ ಪತ್ರದ ಚೆಕ್ಕುಬಂದಿ ತೆಗೆದುಕೊಂಡೆ. ಅಲ್ಲಿ ಅಳತೆ ಪೋಲ್‌ನಲ್ಲಿರುತ್ತದೆ. ಒಂದು ಪೋಲ್ ಹದಿನಾರೂವರೆ ಅಡಿ, ಎರಡು ಪೋಲ್ ಅಂದರೆ ನಮ್ಮ ಗುಂಟೆಯ ಒಂದು ಬದಿ, 33 ಅಡಿ. ಅದನ್ನು ಕಂಡಾಗ ನೆಂಟರನ್ನು ಕಂಡಷ್ಟು ಖುಷಿಯಾಯಿತು. ಬಟರ್ ಪೇಪರ್ ಮೇಲೆ ದಿಕ್ಕು, ಅಳತೆ ಹಾಕಿ ನಕ್ಷೆ ಎಳೆದೆ. ಅದೇ ಹಳ್ಳದ ಹಳೇ ಪೇಟೆಂಟ್‌ಗಳನ್ನೂ ಹಾಗೇ ಎಳೆದು ಒಂದರ ಮೇಲೊಂದು ಇಟ್ಟೆ. ಐದನೆಯದು ಕರಾರುವಾಕ್ಕಾಗಿ ಕೂತಿತು. ಅದು ಅವನ ತಾತನ ಹೆಸರಿನಲ್ಲಿತ್ತು.

ಅಕ್ಕಪಕ್ಕದ ಜಮೀನಿನವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಸಾಕ್ಷಿ ಹಾಕಿದವರು, ಹೆಣ್ಣು ಕೊಟ್ಟವರು ಎಲ್ಲ ಅವರೇ ಆಗಿರುತ್ತಾರೆ. 1704ರ ಕ್ವಿಟ್ ರೆಂಟ್ ಪಟ್ಟಿ ಅಂತ ಒಂದಿದೆ, ಕಂದಾಯದ ಪಟ್ಟಿ. ಯಾರಿಗೆ ಎಷ್ಟು ಎಕರೆ ಅಂತ ಕೌಂಟಿವಾರು ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಾರ್ದರ್ನ್ ನೆಕ್ ಭಾಗ ಮಾತ್ರ ಅದರಲ್ಲಿಲ್ಲ.

ಬಾಲ್ಟಿಮೋರ್‌ನಿಂದ:

ಅಕ್ಕ, ಸರ್ ಜಮೀನಿನ ಬಗ್ಗೆ ಹೇಳಿದ್ದಾರೆ, ನಾನು ವಿಲ್ ಬಗ್ಗೆ ಹೇಳುತ್ತೇನೆ. ನನ್ನ ಗಂಡನ ಕಡೆಯವರು ಮೇರಿಲ್ಯಾಂಡ್‌ನವರು. ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬ ಸೀನಿಯರ್, ಒಬ್ಬ ಜೂನಿಯರ್. ಅಪ್ಪ ಮಗ ಅಂತ ಬರೆದುಕೊಂಡು ಎರಡು ವರ್ಷ ಹಾಳು ಮಾಡಿಕೊಂಡೆ. ಆಗ ದೊಡ್ಡವನು, ಚಿಕ್ಕವನು ಅನ್ನುವುದಕ್ಕೆ ಹಾಗೆ ಬರೆಯುತ್ತಿದ್ದರು. ಚಿಕ್ಕಪ್ಪ, ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದಿರಬಹುದು. ಸನ್ ಇನ್ ಲಾ ಅಂತ ಇದ್ದರೆ ಅಳಿಯನೇ ಆಗಬೇಕಿಲ್ಲ, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. ಕಸಿನ್ ಅಂದರೆ ಅಣ್ಣನ ಮಗನೂ ಆಗಬಹುದು. ನಮ್ಮಲ್ಲಿ ದೊಡ್ಡಪ್ಪ, ಸೋದರಮಾವ, ಷಡ್ಡಕ ಅಂತ ಎಲ್ಲಕ್ಕೂ ಬೇರೆ ಬೇರೆ ಹೆಸರಿದೆಯಲ್ಲ, ಅದರ ಬೆಲೆ ಅವತ್ತು ಗೊತ್ತಾಯಿತು.

ವಿಲ್‌ನಲ್ಲಿ ಹಿರಿಮಗನ ಹೆಸರೇ ಇಲ್ಲದಿದ್ದರೆ ಸತ್ತಿದ್ದಾನೆ ಅಂತ ತೀರ್ಮಾನಿಸಬೇಡಿ. ಅವನ ಪಾಲು ಮೊದಲೇ ಕೊಟ್ಟಾಗಿರಬಹುದು. ತಾರೀಕಿನ ಗೊಂದಲವೂ ಇದೆ. 1752ಕ್ಕೆ ಮುಂಚೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ 1723ರ ನವೆಂಬರ್‌ನಲ್ಲಿ ಬರೆದ ವಿಲ್ 1723ರ ಫೆಬ್ರವರಿಯಲ್ಲಿ ಕೋರ್ಟಿಗೆ ಬಂದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1724.

ಹೆಂಡತಿ ಹೆಸರು ಬೇಕಿದ್ದರೆ ಜಮೀನು ಮಾರಿದ ಕಡೆ ನೋಡಿ. ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಭಾಗದ ಮೇಲೆ ಬದುಕಿರುವ ತನಕ ಹಕ್ಕಿತ್ತು. ಅದಕ್ಕೇ ಗಂಡ ಮಾರುವಾಗ ಹೆಂಡತಿಯನ್ನು ಒಬ್ಬಳನ್ನೇ ಕರೆದು ಒಪ್ಪಿಗೆ ಕೇಳುತ್ತಿದ್ದರು.

ಮೇರಿಲ್ಯಾಂಡ್‌ನಲ್ಲಿ ಒಂದು ಅನುಕೂಲ, ಜಮೀನಿಗೇ ಹೆಸರಿಡುತ್ತಿದ್ದರು. ಬ್ಯಾಚುಲರ್ಸ್ ಹೋಪ್, ಹಾರ್ಡ್ ಬಾರ್ಗೇನ್ ಅಂತ. ಮಾಲೀಕ ಬದಲಾದರೂ ಹೆಸರು ಉಳಿಯುತ್ತದೆ, ಹಿಂಬಾಲಿಸುವುದು ಸುಲಭ. ನಿಮ್ಮದು ವರ್ಜೀನಿಯಾ, ನಿಮಗೆ ಆ ಅದೃಷ್ಟ ಕಡಿಮೆ.

ಇನ್ನೊಂದು ಮಾತು ಹೇಳಲೇಬೇಕು. ವಿಲ್ ಓದುವಾಗ ಹಸು, ಹಾಸಿಗೆ, ತವರದ ತಟ್ಟೆಗಳ ಜೊತೆಗೆ ಗುಲಾಮರ ಹೆಸರು ಬರುತ್ತದೆ. ಇಂಥ ಹುಡುಗಿ ನನ್ನ ಮಗಳಿಗೆ, ಅವಳ ಮಗು ಇನ್ನೊಬ್ಬ ಮಗನಿಗೆ ಅಂತ. ಆ ಸಾಲು ಓದಿದ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನಮ್ಮ ಮನೆಯವರೂ ಮಾತಾಡಲಿಲ್ಲ. ಆ ಹೆಸರುಗಳನ್ನೂ ಬರೆದಿಡಿ ಅಕ್ಕ. ತಮ್ಮ ಅಜ್ಜಿಯನ್ನು ಹುಡುಕುವವರಿಗೆ ಅದೊಂದೇ ಕಾಗದ ಉಳಿದಿರುತ್ತದೆ. ಮಗಳ ವಂಶವೃಕ್ಷದಲ್ಲೂ ಅದನ್ನು ಮುಚ್ಚಿಡಬೇಡಿ.

ಲಂಡನ್‌ನಿಂದ, ಚಿಕ್ಕದಾಗಿ:

ಇಲ್ಲಿ ಲಂಡನ್ನಿನ ಕ್ಯೂ (Kew) ಅನ್ನುವ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆಗ ವಿಲ್ ನೋಂದಾಯಿಸುತ್ತಿದ್ದ ಚರ್ಚಿನ ಕೋರ್ಟಾದ ಕ್ಯಾಂಟರ್ಬರಿ ಕೋರ್ಟಿನ ವಿಲ್‌ಗಳಿವೆ, ಪ್ರಾಬ್ 11 ಅನ್ನುವ ಸಾಲಿನಲ್ಲಿ. ಹೋದವನ ವಿಲ್ ಸಿಗದಿದ್ದರೆ ಇಲ್ಲೇ ಉಳಿದ ಅಣ್ಣನ, ಅತ್ತೆಯ ವಿಲ್ ನೋಡಿ. ವರ್ಜೀನಿಯಾದಲ್ಲಿರುವ ನನ್ನ ತಮ್ಮನಿಗೆ ಇಷ್ಟು ಅಂತ ಒಂದು ಸಾಲು ಇದ್ದರೆ ಊರು ಸಿಕ್ಕಂತೆಯೇ. ಹಳೇ ಕೈಬರಹ ಮೊದಮೊದಲು ಮೋಡಿ ಲಿಪಿಯಂತೆ ಕಾಣುತ್ತದೆ. ಒಂದು ವಾರದಲ್ಲಿ ಕಣ್ಣಿಗೆ ಒಗ್ಗುತ್ತದೆ.

ಮತ್ತೆ ಡಾಲಸ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಒಂದು ಕೆಟ್ಟ ಸುದ್ದಿ. ನಮ್ಮ ಕೌಂಟಿಯ ಪುಸ್ತಕಗಳು 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹೊತ್ತಿಕೊಂಡಾಗ ಸುಟ್ಟುಹೋಗಿವೆಯಂತೆ. ಅಮೆರಿಕದ ಅಂತರ್ಯುದ್ಧದಲ್ಲಿ ಸುರಕ್ಷಿತವಾಗಿರಲಿ ಅಂತ ಅಲ್ಲಿಗೆ ಕಳಿಸಿದ್ದರಂತೆ!

ನಿವೃತ್ತ ಸರ್ವೆಯರ್:

ಗಾಬರಿ ಬೇಡ ಅಮ್ಮ. ಸುಟ್ಟಿದ್ದು ಕೌಂಟಿಯ ಪುಸ್ತಕ. ಪೇಟೆಂಟ್ ಪುಸ್ತಕಗಳು ಬೇರೆ, ಅವು ಉಳಿದಿವೆ. ಪಕ್ಕದ ಕೌಂಟಿಯನ್ನೂ ನೋಡಿ, ಗಡಿ ಎಷ್ಟೋ ಸಲ ಬದಲಾಗಿದೆ. ಹಳ್ಳದ ಹೆಸರು ಏನಾದರೂ ಗೊತ್ತಿದ್ದರೆ ಕಳಿಸಿ, ನನ್ನ ಹತ್ತಿರ ಬಟರ್ ಪೇಪರ್ ಇನ್ನೂ ಇದೆ.