ಸಹಾಯ ಬೇಕು: ಅಲ್ಪಾಕಾ ಸಾಕಣೆಗೆ ನಿಜವಾಗಿ ಎಷ್ಟು ಸಮಯ, ಎಷ್ಟು ದುಡ್ಡು ಬೇಕು?

ಎಲ್ಲರಿಗೂ ನಮಸ್ಕಾರ. ಈಗಿನ ಕೆಲಸ ಬಿಡದೆ ಸಣ್ಣದಾಗಿ ಅಲ್ಪಾಕಾ (ಉಣ್ಣೆಗಾಗಿ ಸಾಕುವ, ಒಂಟೆ ಜಾತಿಯ ಪ್ರಾಣಿ) ಸಾಕಬೇಕೆಂಬ ಆಸೆ ಬಹಳ ದಿನದ್ದು. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ನನಗೆ ನಿದ್ದೆಗೆಡಿಸಿರುವುದು ಆದಾಯ ಬರುವ ನಿಧಾನಗತಿ. ಗಬ್ಬದ ಅವಧಿಯೇ ಸುಮಾರು 11 ತಿಂಗಳಿಗೂ ಹೆಚ್ಚು, ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ. ಅದು ಹೆಣ್ಣಾದರೂ ತಾಯಿಯಾಗಲು ಇನ್ನೆರಡು ವರ್ಷ ದಾಟುತ್ತದೆ. ಉಣ್ಣೆ ಕತ್ತರಿಸುವುದು ವರ್ಷಕ್ಕೊಮ್ಮೆ, ಸಿಗುವುದು ಕೆಲವೇ ಕಿಲೋ. ಅದರಲ್ಲೂ ಕಾಲು, ಹೊಟ್ಟೆಯ ಭಾಗದ್ದು ಒರಟು. ಮೇವು, ಬೇಲಿ, ಜಂತುಹುಳದ ಔಷಧಿಯ ಖರ್ಚು ಮಾತ್ರ ಕಾಯುವುದಿಲ್ಲ. ಒಂಟಿಯಾಗಿ ಬಾಳುವ ಪ್ರಾಣಿ ಅಲ್ಲವಾದ್ದರಿಂದ ಒಂದನ್ನು ತಂದು ನೋಡೋಣ ಅನ್ನುವಂತೆಯೂ ಇಲ್ಲ.

ಮರಿ ಮಾಡಿಸುವ ಗೋಜಿಲ್ಲದೆ, ಬೀಜ ಒಡೆಸಿದ ಮೂರು ಗಂಡುಗಳನ್ನು ಉಣ್ಣೆಗಾಗಿ ಸಾಕಿ ಕಲಿಯುವುದು ಸರಿಯೇ? ಅದೇ ಜಾಣತನ ಎಂದು ನನಗನಿಸುತ್ತದೆ. ದಿನಕ್ಕೆ ನಿಮ್ಮ ಎಷ್ಟು ಗಂಟೆ ಹೋಗುತ್ತದೆ? ಊರಿಗೆ ಹೋಗಬೇಕಾದಾಗ ಯಾರ ಕೈಗೆ ಒಪ್ಪಿಸುತ್ತೀರಿ? ಒಂಟೆ ಜಾತಿಯ ಪ್ರಾಣಿಗಳನ್ನು ಬಲ್ಲ ವೈದ್ಯರನ್ನು ಹೇಗೆ ಹುಡುಕಿದಿರಿ?

ನೂಲು ತೆಗೆಸಿ ಮಾರಿದವರಿದ್ದರೆ, ನೂಲುವ ಕೂಲಿ ಕಳೆದು ಏನಾದರೂ ಉಳಿಯಿತೇ ಎಂದು ತಿಳಿಸಿ. ನಷ್ಟವಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ನನಗೆ ಅದೇ ಹೆಚ್ಚು ಬೇಕಾಗಿರುವುದು.