ಚಿತ್ರ, ಕಾಮಿಕ್ಸ್, ಕಾಗದದ ಕೆಲಸ: ಯಾವ ಪುಸ್ತಕ ಕೈಹಿಡಿಯಿತು?

ಪ್ರಶ್ನೆ: ಪುಸ್ತಕ ನೋಡಿ ಚಿತ್ರ ಬಿಡಿಸಲು ಕಲಿಯಬೇಕು ಅಂತಿದ್ದೇನೆ. ಮುಂದೆ ಪುಟ್ಟ ಕಾಮಿಕ್ಸ್ ಮಾಡುವ ಆಸೆಯೂ ಇದೆ. ಮಗಳಿಗೆ ಕಾಗದದ ಕರಕುಶಲ ಇಷ್ಟ. ವಿಡಿಯೋ ನೋಡುತ್ತಾ ಕೂತರೆ ನೋಡುವುದೇ ಆಗುತ್ತದೆ, ಕೈ ಓಡುವುದಿಲ್ಲ. ನಿಮಗೆ ಯಾವುದು ಉಪಯೋಗಕ್ಕೆ ಬಂತು?

ಸ್ಕೆಚ್ ಮಾಡುವ ಒಬ್ಬರು: ‘ಮೊದಲು ವೃತ್ತ, ಆಮೇಲೆ ಕಿವಿ, ಆಮೇಲೆ ಬಾಲ’ ಅನ್ನುವ ಪುಸ್ತಕದಿಂದ ಶುರು ಮಾಡಬೇಡಿ. ಬೆಕ್ಕು ಬರುತ್ತದೆ, ಆದರೆ ಅದೊಂದೇ ಬೆಕ್ಕು. ಅದೇ ಬೆಕ್ಕು ಮುದುಡಿ ಮಲಗಿದರೆ ಕೈ ನಿಂತುಬಿಡುತ್ತದೆ. ನೋಡುವುದನ್ನು ಕಲಿಸುವ ಪುಸ್ತಕ ಬೇಕು. ನನಗೆ ಆಗಿಬಂದದ್ದು 1979ರಲ್ಲಿ ಬಂದ ಬೆಟ್ಟಿ ಎಡ್ವರ್ಡ್ಸ್ ಅವರ ‘ಡ್ರಾಯಿಂಗ್ ಆನ್ ದ ರೈಟ್ ಸೈಡ್ ಆಫ್ ದ ಬ್ರೈನ್’. ಅದರಲ್ಲಿ ಪಿಕಾಸೊ ಗೆರೆಗಳಲ್ಲಿ ಬಿಡಿಸಿದ, ಸಂಗೀತ ರಚನೆಕಾರ ಸ್ಟ್ರಾವಿನ್‌ಸ್ಕಿಯ ಚಿತ್ರವನ್ನು ತಲೆಕೆಳಗು ಇಟ್ಟುಕೊಂಡು ನಕಲು ಮಾಡಲು ಹೇಳುತ್ತಾರೆ. ತಮಾಷೆ ಅನಿಸುತ್ತದೆ, ಆದರೆ ಕೆಲಸ ಮಾಡುತ್ತದೆ. ಮೂಗು ಅಂತ ಗೊತ್ತಾದರೆ ಸಾಕು, ನಾವು ಎದುರಿಗಿರುವ ಮೂಗು ಬಿಟ್ಟು ತಲೆಯಲ್ಲಿರುವ ಮೂಗನ್ನೇ ಬಿಡಿಸುತ್ತೇವೆ. ತಲೆಕೆಳಗಾದಾಗ ಕಾಣುವುದು ಬರೀ ಗೆರೆ, ಕೋನ, ನಡುವಿನ ಖಾಲಿ ಜಾಗ. ಚಿತ್ರ ಬಿಡಿಸುವುದು ಎಡ ಮಿದುಳಿನದಲ್ಲ, ಬಲ ಮಿದುಳಿನ ಕೆಲಸ ಅನ್ನುವ ಅವರ ವಿವರಣೆಯನ್ನು ಮಾತ್ರ ವಿಜ್ಞಾನ ಅಂತ ಪೂರ್ತಿ ನಂಬಬೇಡಿ. ಅಭ್ಯಾಸಗಳು ಗಟ್ಟಿಯಾಗಿವೆ, ಅಷ್ಟು ಸಾಕು.

ಮಕ್ಕಳಿಗೆ ಕಲಿಸುವ ಒಬ್ಬರು: ಹಂತದ ಪುಸ್ತಕಗಳನ್ನು ಅಷ್ಟು ಬೈಯಬೇಡಿ ಸರ್. ‘ನನಗೆ ಬರಲ್ಲ’ ಅಂತ ಕೂತ ಮಗುವಿಗೆ ಆ ಒಂದೇ ಬೆಕ್ಕು ಧೈರ್ಯ ಕೊಡುತ್ತದೆ. ಆಮೇಲೆ ‘ಈ ಬೆಕ್ಕು ಈಗ ಓಡಲಿ’ ಅನ್ನಿ. ಕಲಿಕೆ ಅಲ್ಲಿಂದ ಶುರು.

ಕೇಳಿದವರು: ಸರಿ, ಆದರೆ ಕಾಮಿಕ್ಸ್‌ಗೆ ಚಿತ್ರ ಚೆನ್ನಾಗಿ ಬರಲೇಬೇಕಾ?

ಕಾಮಿಕ್ಸ್ ಮಾಡುವ ಒಬ್ಬರು: ಬೇಕಿಲ್ಲ. ಪಾತ್ರ ಯಾರು, ಏನು ಮಾಡುತ್ತಿದೆ ಅಂತ ತಿಳಿದರೆ ಕಡ್ಡಿಮನುಷ್ಯನೂ ಆಗುತ್ತಾನೆ. ಸ್ಕಾಟ್ ಮೆಕ್‌ಕ್ಲೌಡ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ (1993) ಓದಿ. ಆ ಪುಸ್ತಕವೇ ಕಾಮಿಕ್ಸ್ ರೂಪದಲ್ಲಿದೆ. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವ ಆರು ಬಗೆಗಳನ್ನು ಬಿಡಿಸಿಯೇ ತೋರಿಸುತ್ತಾರೆ. ಎತ್ತಿದ ಕೈ ಒಂದು ಚೌಕದಲ್ಲಿ, ಒಡೆದ ಗಾಜು ಮುಂದಿನದರಲ್ಲಿ. ಏಟನ್ನು ನೀವು ಬಿಡಿಸಿಲ್ಲ, ಆದರೂ ಓದುಗರು ನೋಡಿಬಿಟ್ಟಿರುತ್ತಾರೆ. ಚೌಕ ಹೇಗೆ ಆರಿಸಬೇಕು, ಮುಖಭಾವ ಹೇಗೆ ತರಬೇಕು ಅನ್ನುವುದಕ್ಕೆ ಅವರದೇ ‘ಮೇಕಿಂಗ್ ಕಾಮಿಕ್ಸ್’ (2006) ಇದೆ.

ಇಂಗ್ಲಿಷ್ ಪುಸ್ತಕಗಳು ಹೇಳದ ಒಂದು ವಿಷಯ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ. ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ. ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಬಲೂನ್ ಎಳೆಯಿರಿ. ಮೊದಲು ಮಾತಾಡುವವರನ್ನು ಎಡಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಬಲೂನ್‌ಗಳ ಬಾಲಗಳು ಒಂದರ ಮೇಲೊಂದು ಹಾಯುತ್ತವೆ.

ಕಾಗದದ ಕೆಲಸದವರೊಬ್ಬರು: ಕರಕುಶಲಕ್ಕೆ ಮಾತ್ರ ಹಂತಗಳೇ ಜೀವ. ಇಲ್ಲಿ ಸುಂದರ ಫೋಟೋ ನೋಡಿ ಮರುಳಾಗಬೇಡಿ. ನಡುವಿನ ಯಾವುದಾದರೂ ಪುಟ ತೆಗೆದು, ಐದನೇ ಹಂತದಿಂದ ಆರನೆಯದಕ್ಕೆ ಹೇಗೆ ಹೋದರು ಅಂತ ತಿಳಿಯುತ್ತದಾ ನೋಡಿ. ಒರಿಗಾಮಿಯಲ್ಲಿ, ಅಂದರೆ ಕಾಗದ ಮಡಿಸಿ ಆಕಾರ ಮಾಡುವ ಜಪಾನಿ ಕಲೆಯಲ್ಲಿ, ಈ ತೊಂದರೆ ಕಡಿಮೆ. ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಜಾವಾ ರೂಪಿಸಿದ ಗುರುತುಗಳೇ ಬೇರೆ ಬೇರೆ ದೇಶಗಳಲ್ಲಿ ಬಳಕೆಯಲ್ಲಿವೆ. ತುಂಡುಗೆರೆ ಇದ್ದರೆ ಮುಂದಕ್ಕೆ ಮಡಿಸಿ, ಗೆರೆ-ಚುಕ್ಕಿ ಇದ್ದರೆ ಹಿಂದಕ್ಕೆ. ಇಷ್ಟು ಗೊತ್ತಿದ್ದರೆ ಜಪಾನಿ ಪುಸ್ತಕವನ್ನೂ ಭಾಷೆ ಬಾರದೆ ಅನುಸರಿಸಬಹುದು.

ಪುಸ್ತಕ ಕಟ್ಟುವುದು, ಕಾರ್ಡ್ ಮಾಡುವುದು ಇದ್ದರೆ ಕಾಗದದ ನಾರಿನ ದಿಕ್ಕಿನ ಬಗ್ಗೆ ಹೇಳಿದ್ದಾರಾ ಹುಡುಕಿ. ನಾರಿನ ಉದ್ದಕ್ಕೆ ಮಡಿಸಿದರೆ ಮಡಿಕೆ ನೀಟಾಗಿ ಕೂರುತ್ತದೆ, ಅಡ್ಡಕ್ಕೆ ಮಡಿಸಿದರೆ ಸಿಡಿಯುತ್ತದೆ. ಇದನ್ನು ಹೇಳದ ಪುಸ್ತಕವನ್ನು ನಾನು ಕೊಳ್ಳುವುದಿಲ್ಲ. ಹಾಂ, ಪುಸ್ತಕ ಮೇಜಿನ ಮೇಲೆ ತಾನಾಗಿ ತೆರೆದುಕೊಂಡಿರಬೇಕು. ಕೈಗೆ ಅಂಟು ಮೆತ್ತಿರುವಾಗ ಪುಟ ಹಿಡಿದುಕೊಳ್ಳುವವರು ಯಾರು?